ಹತ್ತಿ ತುರುಕಿದ ಕಿವಿ

ಆ ಮನೆಗೆಲಸದವಳಿಗೆ ಮಾನವೆಂದರೆ ಪ್ರಾಣ. ಕಂಡವರ ಮನೆಯ ನೆಲವನ್ನೆಲ್ಲ ಫಳಫಳ ಹೊಳೆಯುವಂತೆ ಒರೆಸುವವಳು. ಅಂಥವಳ ಮಗಳ ಕಿವಿ ಸೋರುತ್ತದೆಂದು ಗೊತ್ತಾದರೆ ಜನ ಸುಮ್ಮನಿರುತ್ತಾರೆಯೇ? "ಊರವರ ಗಲೀಜು ತೆಗೀತಾಳೆ, ತನ್ನ ಮನೇದು ನೋಡ್ಕೊಳ್ಳಲ್ಲ" ಎಂದು ಆಡಿಕೊಳ್ಳುತ್ತಾರೆ. ಅವಳು ಕೆಲಸಕ್ಕೆ ಹೋಗುವ ದೊಡ್ಡ ಮನೆಯ ಹುಡುಗನಿಗೂ ಕಿವಿ ಸೋರಿತ್ತು. ಅಂದೇ ಸಂಜೆ ಕಾರು, ಡಾಕ್ಟರು, ಔಷಧಿ ಎಲ್ಲ ಆಯಿತು. ಅಲ್ಲಿ ಅದಕ್ಕೆ ಇನ್‌ಫೆಕ್ಷನ್ ಎಂದು ಹೆಸರು. ಹೊಗೆ ತುಂಬಿದ ಇವಳ ಒಂದೇ ಕೋಣೆಯ ಮನೆಯಲ್ಲಿ ಅದೇ ಕೀವು ಗಲೀಜು! ಯಾವ ಸೀಮೆಯ ನ್ಯಾಯವೋ ಏನೋ.

ಶಾಲೆಯಲ್ಲಿ ಕಿವಿ ತಪಾಸಣೆ, ತಾಯಂದಿರೂ ಬರಬೇಕು ಎಂದಾಗ ಅವಳ ಎದೆ ಧಸಕ್ಕೆಂದಿತು. ಬೆಳಿಗ್ಗೆ ಮಗಳ ಎರಡೂ ಕಿವಿಗಳನ್ನು ಒರೆಸಿ, ಹೊರಗೆ ಕಾಣದಷ್ಟು ಆಳಕ್ಕೆ ಹತ್ತಿ ತುರುಕಿದಳು. ವಾಸನೆ ಬರದಿರಲೆಂದು ಪೌಡರ್ ಬಳಿದಳು. ಡಾಕ್ಟರು ಕಿವಿಯೊಳಗೂ ಇಣುಕುತ್ತಾರೆ ಎಂಬುದು ಆ ಮಹಾತಾಯಿಗೆ ಹೊಳೆಯಲೇ ಇಲ್ಲ. ಅಷ್ಟು ಮಕ್ಕಳ ಸಾಲಿನಲ್ಲಿ ಬಾಯಲ್ಲಿ ಕೇಳಿ ಕಳಿಸಿಬಿಡುತ್ತಾರೆ ಎಂದುಕೊಂಡಳು.

ಮಗಳ ಮುಖ ಹಿಡಿದು ಗಟ್ಟಿಯಾಗಿ ಹೇಳಿಕೊಟ್ಟಳು: "ಏನು ಕೇಳಿದ್ರೂ ಇಲ್ಲ ಅನ್ನು. ತಿಳೀತಾ ಪುಟ್ಟೀ?"

ಪುಟ್ಟಿ ಅಮ್ಮನ ತುಟಿಯನ್ನೇ ನೋಡಿ ತಲೆಯಾಡಿಸಿದಳು.

ಶಾಲೆಯ ಹಾಲ್‌ನಲ್ಲಿ ಡಾಕ್ಟರಮ್ಮ ಮಾಸ್ಕ್ ಹಾಕಿಕೊಂಡು ಕೂತಿದ್ದರು. ತಾಯಿ-ಮಗಳ ಸರದಿ ಬಂತು.

"ಕಿವಿ ನೋಯುತ್ತಾ?"

"ಇಲ್ಲ."

"ಸೋರುತ್ತಾ?"

"ಇಲ್ಲ."

ತಾಯಿಗೆ ಹೋದ ಜೀವ ಬಂದಂತಾಯಿತು.

"ಜಾಣೆ! ಹೆಸರೇನಮ್ಮಾ ನಿಂದು?"

"ಇಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು.

"ಇವರು ಯಾರು? ನಿಮ್ಮಮ್ಮನಾ?"

"ಇಲ್ಲ," ಎಂದಳು ಪುಟ್ಟಿ, ಅಷ್ಟೇ ವಿಧೇಯಳಾಗಿ.

ತಾಯಿಗೆ ನಿಂತ ನೆಲವೇ ಬಾಯಿಬಿಡಬಾರದೇ ಎನಿಸಿತು. ಕರೆದರೆ ತಿರುಗಿ ನೋಡುವುದಿಲ್ಲವೆಂದು, ಹೇಳಿದ ಮಾತು ಕೇಳುವುದಿಲ್ಲವೆಂದು, ಮೊಂಡಿ ಎಂದು ಈ ಮಗುವಿನ ಬೆನ್ನಿಗೆ ಬಾರಿಸಿದ್ದಳು. ಮೊಂಡುತನವೇ ಅಲ್ಲ ಅದು, ಪಾಪಿ! ಮಗುವಿಗೆ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ; ತುಟಿ ನೋಡಿ ತಿಳಿದುಕೊಳ್ಳುತ್ತಿತ್ತು, ಡಾಕ್ಟರಮ್ಮನ ತುಟಿ ಮಾಸ್ಕಿನ ಹಿಂದಿತ್ತು. ಇದ್ದಬದ್ದ ಕೇಳುವಿಕೆಗೂ ಈವತ್ತು ತಾನೇ ಹತ್ತಿ ಜಡಿದಿದ್ದಳು.

ಕಿವಿಗೆ ಬೆರಳು ಹಾಕಿ ಹತ್ತಿ ತೆಗೆಯಹೋದಳು. ಸಿಗಲಿಲ್ಲ.

"ಸೋರುತ್ತೆ ಡಾಕ್ಟ್ರೇ," ಎಂದಳು. ನಾಚಿಕೆಯಿಂದ ತಲೆ ಮೇಲೇಳಲಿಲ್ಲ. "ತುಂಬಾ ದಿನದಿಂದ ಸೋರುತ್ತೆ. ನಾನೇ ಮುಚ್ಚಿಟ್ಟೆ. ಜನ ಏನಂತಾರೋ ಅಂತ..." ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದಳು.

ಪುಟ್ಟಿ ಗಾಬರಿಯಾಗಿ ಅಮ್ಮನ ಕೈ ಜಗ್ಗಿದಳು. ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೇನು ಗೊತ್ತು, ಇಡೀ ಹಾಲ್‌ಗೆ ಕೇಳುವಂತೆ ಕೇಳಿದಳು:

"ನೀನು ಹೇಳ್ಕೊಟ್ಟಂಗೇ ಹೇಳಿದ್ನಲ್ಲಮ್ಮಾ, ಯಾಕೆ ಅಳ್ತಿದೀಯ?"