ಹೇಸರಗತ್ತೆ ಏರಿನ ಕೂಗು

ಆರ್ಬಿನ್ ಸ್ಟಿಡಮ್‌ಗೆ ತನ್ನ ಮೇಲಿದ್ದ ನಂಬಿಕೆಯನ್ನು ಊರಿಗೆಲ್ಲ ಹಂಚಿದ್ದರೂ ಇನ್ನೊಂದಿಷ್ಟು ಮಿಗುತ್ತಿತ್ತು. ಇಂಜಿನ್ನಿನ ಬಲಗಡೆ ಸೀಟಿನಲ್ಲಿ ಕೂತು, ಟೋಪಿ ಹಿಂದಕ್ಕೆ ತಳ್ಳಿ, ಸುಮ್ಮಸುಮ್ಮನೆ ಸೀಟಿಯ ಹಗ್ಗ ಎಳೆದು ಬೆಟ್ಟವೆಲ್ಲ ಕೂಗಿಸುವುದು ಅವನಿಗೆ ಚಟ. ಎಡಗಡೆ ಕಲ್ಲಿದ್ದಲು ಎತ್ತಿ ಹಾಕುವ ಮುದುಕ ಹೋಬರ್ಟ್ ಪ್ರತಿ ಕೂಗಿಗೂ ಗೊಣಗುತ್ತಿದ್ದ.

"ಡ್ರೈವರ್ ಸಾಹೇಬ್ರೇ, ನೀವು ಊದೋದು ಗಾಳಿಯಲ್ಲ, ನನ್ನ ಬೆನ್ನು. ಒಂದೊಂದು ಕೂಗಿಗೂ ನಾನಿಲ್ಲಿ ಸಲಿಕೆ ಬಗ್ಗಿಸ್ಬೇಕು."

ಹೆಸರಿಗೆ ರೈಲ್ವೆ ಕಂಪನಿ. ಇದ್ದದ್ದು ಎರಡು ಉಗಿ ಇಂಜಿನ್ನು, ಒಂದು ಶೆಡ್ಡು, ಕೆಳಗಿನ ಗಣಿಯಿಂದ ಮೇಲಿನ ಹಾರ್ಲೋ ಊರಿಗೆ ಬೆಟ್ಟ ಸುತ್ತುವ ಒಂದೇ ಒಂದು ಹಳಿ. ದೊಡ್ಡ ಕಂಪನಿಗಳು ಡೀಸೆಲ್ ತಂದು ಉಗಿ ಇಂಜಿನ್ನುಗಳನ್ನು ಗುಜರಿಗೆ ಹಾಕುತ್ತಿದ್ದ ಕಾಲದಲ್ಲೂ ಇಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕಲ್ಲಿದ್ದಲಿನ ಮೇಲೇ ಮಲಗಿ ಏಳುವವರಿಗೆ ಡೀಸೆಲ್ ಯಾತಕ್ಕೆ, ಹೇಳಿ?

ತೊಂದರೆ ಇದ್ದದ್ದು ಒಂದೇ, ಹಾರ್ಲೋ ಹತ್ತಿರದ ಹೇಸರಗತ್ತೆ ಏರು. ಹೆಸರು ಇಟ್ಟವನಿಗೆ ಬುದ್ಧಿ ಇತ್ತು. ಹಳಿ ಒದ್ದೆಯಾಗಿ ಹೊರೆ ಜಾಸ್ತಿಯಾದರೆ ಇಂಜಿನ್ನು ಅಲ್ಲಿ ಕಾಲೂರಿ ನಿಂತುಬಿಡುತ್ತಿತ್ತು. ಆಗ ರೈಲನ್ನು ಮುರಿಯಬೇಕು. ಹಿಂದಿನ ಅರ್ಧಕ್ಕೆ ಬ್ರೇಕು ಬಿಗಿದು ಅಲ್ಲೇ ಬಿಟ್ಟು, ಮುಂದಿನ ಅರ್ಧವನ್ನು ಊರಿಗೆ ಮುಟ್ಟಿಸಿ, ಮತ್ತೆ ಇಳಿದು ಬಂದು ಉಳಿದದ್ದನ್ನು ಒಯ್ಯಬೇಕು. ಮುರಿಯುವ ಮುಂಚೆ ಹಿಂದಿನ ಡಬ್ಬಿಯಲ್ಲಿರುವ ಬ್ರೇಕಿನವನಿಗೆ ತಿಳಿಯಲೆಂದು ಉದ್ದವಾಗಿ ಒಂದು, ಆಮೇಲೆ ಗಿಡ್ಡವಾಗಿ ಮೂರು ಕೂಗು ಹಾಕಬೇಕು. ಆ ಕೂಗು ಬ್ರೇಕಿನವನಿಗಷ್ಟೇ ಕೇಳಿದರೆ ಚೆನ್ನಾಗಿತ್ತು. ಇಡೀ ಹಾರ್ಲೋಗೆ ಕೇಳುತ್ತಿತ್ತು. ಊಟ ತಡವಾಯಿತೆಂದು ಹೆಂಗಸರು ಬೀನ್ಸ್ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಡುವರು. ಗಂಡಸರು ಸ್ಟೇಷನ್ ಕಟ್ಟೆಗೆ ಬಂದು ಕಾಯುವರು, ಡ್ರೈವರ್ ಬಂದೊಡನೆ "ಏನಪ್ಪಾ, ಕಂತಿನ ಮೇಲೆ ತಂದ್ಯಾ?" ಎಂದು ಹಲ್ಲು ಕಿಸಿಯಲು.

ಆ ಕೂಗನ್ನು ಒಮ್ಮೆಯೂ ಹಾಕದ ಡ್ರೈವರ್ ಒಬ್ಬನಿದ್ದ, ಕ್ಲೆಲ್ ಮ್ಯಾಡಕ್ಸ್. ಹೋಬರ್ಟನ ಮಗಳು ಡೆಸ್ಸಿಯ ಗಂಡ. ಕೆಲವು ವರ್ಷಗಳ ಹಿಂದೆ ಅದೇ ಏರಿನ ನೆತ್ತಿಯಲ್ಲಿ ಬಾಯ್ಲರ್ ಸಿಡಿದು ಸತ್ತ. ಬಾಯ್ಲರ್ ಹಳೆಯದು, ಲಡ್ಡಾಗಿತ್ತು ಎಂದು ಊರು ಮಾತಾಡಿಕೊಂಡಿತು. ಸತ್ತ ಮೇಲೂ ಕ್ಲೆಲ್‌ನ ಹೆಸರೇ ಹೆಸರು. "ಗಂಡಸು ಅಂದ್ರೆ ಅವನು ಕಣಯ್ಯಾ, ಯಾವತ್ತೂ ರೈಲು ಮುರೀಲಿಲ್ಲ" ಎನ್ನುವುದನ್ನು ಕೇಳಿ ಕೇಳಿ ಆರ್ಬಿನ್‌ಗೆ ಹೊಟ್ಟೆ ಉರಿದು ಹೋಗಿತ್ತು.

ಯಾಕೆಂದರೆ ಅವನಿಗೆ ಡೆಸ್ಸಿ ಬೇಕಾಗಿದ್ದಳು. ಸ್ಟೇಷನ್ ಪಕ್ಕದಲ್ಲೇ ಅವಳ ಊಟದ ಅಂಗಡಿ. ಬುಧವಾರ ಕಾಫಿ ಕುಡಿಯುತ್ತಾ, ಎಂದೂ ತಡವರಿಸದವನು ತಡವರಿಸಿ, ಮದುವೆಯ ಮಾತೆತ್ತಿದ್ದ.

"ಶನಿವಾರ ಹೇಳ್ತೀನಿ. ಮೊದಲು ನಿನ್ನ ರೈಲು ತಗೊಂಡ್ ಬಾ" ಅಂದಿದ್ದಳು ಡೆಸ್ಸಿ.

ಅಷ್ಟು ಸಾಕಾಯಿತು. ಕ್ಲೆಲ್‌ನ ಹಾಗೆ ಒಂದೇ ಏಟಿಗೆ ತಂದರೆ ಮದುವೆ, ಇಲ್ಲದಿದ್ದರೆ ಇಲ್ಲ ಎಂದೇ ಅವನು ಅರ್ಥ ಮಾಡಿಕೊಂಡ. ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ, "ಶನಿವಾರ ಎಷ್ಟೇ ಹೊರೆ ಕೊಡ್ಲಿ, ಒಂದೇ ಏಟಿಗೆ ತರ್ತೀನಿ. ಮುರಿಯೋ ಕೂಗು ಕೇಳಿಸಿದ್ರೆ ನನ್ನ ಹೆಸರು ಬದಲಾಯ್ಸಿ!" ಎಂದು ಮೇಜು ಗುದ್ದಿದ. ಡೆಸ್ಸಿ ಮೇಜು ಒರೆಸಿದಳು.

ಶನಿವಾರ ಗಣಿಯವರು ಬೇಕೆಂದೇ ಒಂದು ಬೋಗಿ ಹೆಚ್ಚು ಸಿಕ್ಕಿಸಿದರು. ಮೇಲಿಂದ ಜಿನುಗು ಮಳೆ, ಹಳಿಯ ತುಂಬ ಮೇಪಲ್ ಎಲೆ. ಬ್ರೇಕಿನವನಾದ ವೆಸ್ಟರ್ ಹಿಂದಿನ ಡಬ್ಬಿ ಹತ್ತುತ್ತಾ ನಕ್ಕ. "ಆರ್ಬಿನ್, ಹೊಸ ಹೆಸರು ಯೋಚ್ನೆ ಮಾಡಿಟ್ಟಿದ್ದೀಯಾ?"

"ಮದುವೆಗೆ ಬರೋಕೆ ಒಳ್ಳೆ ಬೂಟು ಯೋಚ್ನೆ ಮಾಡ್ಕೋ ನೀನು!"

ಏರಿನ ಬುಡದಲ್ಲಿ ಆರ್ಬಿನ್ ಇಂಜಿನ್ನನ್ನು ಓಡಿಸಿಕೊಂಡೇ ಬಂದ. ಅರ್ಧ ಏರು ಸಲೀಸಾಗಿ ಹತ್ತಿತು. ಅಬ್ಬಾ, ಎಂಥ ಸದ್ದು! ಎದೆಯೊಳಗೆ ಗುದ್ದಿದಂತಿತ್ತು. ಆಮೇಲೆ ಚಕ್ರ ಜಾರಿತು, ಹಿಡಿಯಿತು, ಮತ್ತೆ ಜಾರಿತು. ಉಗಿಯ ಒತ್ತಡ ತೋರಿಸುವ ಮುಳ್ಳು ಇಳಿಯತೊಡಗಿತು. ಬಾಯ್ಲರಿಗೆ ನೀರು ಬಿಡುವ ಹೊತ್ತಾಗಿತ್ತು. ಆದರೆ ತಣ್ಣೀರು ಒಳಗೆ ಹೋದರೆ ಉಗಿ ಇನ್ನಷ್ಟು ಕುಗ್ಗುತ್ತದೆ. ಆರ್ಬಿನ್ ನೀರಿನ ಪಿಡಿಯ ಮೇಲೆ ಕೈಯಿಟ್ಟು, ಹಾಗೇ ಹಿಂತೆಗೆದ. ನೆತ್ತಿ ಕಾಣುತ್ತಿತ್ತು. ಇನ್ನೊಂದಿಷ್ಟು ದೂರ.

ನೀರು ತೋರಿಸುವ ಗಾಜಿನ ಕೊಳವೆಯ ತಳದಲ್ಲಿ ಬೆರಳಗಲ ನೀರಿತ್ತು. ಏರಿನಲ್ಲಿ ಆ ಗಾಜು ಸುಳ್ಳು ಹೇಳುತ್ತದೆ. ಇಂಜಿನ್ನಿನ ಮೂತಿ ಮೇಲಾಗಿರುವಾಗ ನೀರೆಲ್ಲ ಹಿಂದಕ್ಕೆ ಸರಿದು, ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ನೆತ್ತಿ ದಾಟಿ ಮೂತಿ ಬಗ್ಗಿತೋ, ಅದೇ ನೀರು ಮುಂದಕ್ಕೆ ಹರಿದು ಬೆಂಕಿಯ ಮೇಲಿನ ಚಾವಣಿ ಬರಿದಾಗಿ, ಕಾದು ಸಿಡಿಯುತ್ತದೆ. ಇದು ಆರ್ಬಿನ್‌ಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಹುಂಬತನ ಮಾಡುವುದು ಡ್ರೈವರುಗಳ ಜಾಯಮಾನ.

"ಹೋಬರ್ಟ್, ಇಳಿದು ಮುಂದೆ ಹೋಗಿ ಕೈಯಿಂದ ಹಳಿ ಮೇಲೆ ಮರಳು ಹಾಕಿ. ನಾನು ಎಳೀತೀನಿ!"

ಹೋಬರ್ಟ್ ಸಲಿಕೆ ಕೆಳಗಿಟ್ಟು ತನ್ನ ಸೀಟಿನಲ್ಲಿ ಕೂತ. "ಇಳಿಯಲ್ಲ."

"ಏನಂದ್ರಿ?"

"ಕ್ಲೆಲ್ ಕೂಡ ಇದೇ ಜಾಗದಲ್ಲಿ ಇದೇ ಮಾತು ಹೇಳಿದ. ಇಳಿದು ಮರಳು ಹಾಕಿದೆ. ಇಂಜಿನ್ನು ನನ್ನ ದಾಟಿ ಹೋಯ್ತು, ಅವನು ಟೋಪಿ ಬೀಸಿದ. ಗೆದ್ದ ಕಣೋ ಅವನು, ನೆತ್ತಿ ಹತ್ತಿದ. ಆಮೇಲೆ ಸದ್ದು ಕೇಳಿಸ್ತು." ಮುದುಕ ಮುಖ ಒರೆಸಿಕೊಂಡ. "ಬಾಯ್ಲರ್ ಲಡ್ಡಾಗಿತ್ತು ಅಂತ ಊರವರು ಬೇಕಾದ್ರೆ ಹೇಳ್ಕೊಳ್ಳಲಿ. ಬಾಯ್ಲರ್ ಗಟ್ಟಿಯಾಗೇ ಇತ್ತು. ನೀರಿರ್ಲಿಲ್ಲ, ಅಷ್ಟೆ. ಎಳಿಯೋದಾದ್ರೆ ಎಳಿ. ಈ ಸಲ ನಾನೂ ಇಲ್ಲೇ ಕೂತಿರ್ತೀನಿ. ಇನ್ನೊಂದು ಸಲ ನನ್ನ ಮಗಳ ಮುಂದೆ ಹೋಗಿ ನಿಂತು ಸುದ್ದಿ ಹೇಳೋದು ನನ್ನ ಕೈಲಾಗಲ್ಲ."

ಆರ್ಬಿನ್ ಗಾಜು ನೋಡಿದ, ನೆತ್ತಿ ನೋಡಿದ, ಮುದುಕನನ್ನು ನೋಡಿದ. ಬೈಗುಳವೊಂದು ಬಾಯಿಗೆ ಬಂತು, ಯಾರಿಗೆಂದು ಗೊತ್ತಾಗಲಿಲ್ಲ. ನೀರಿನ ಪಿಡಿಯನ್ನು ಪೂರ್ತಿ ತೆರೆದ. ಬಾಯ್ಲರ್ ಗುಟುಕರಿಸತೊಡಗಿತು, ಉಗಿಯ ಮುಳ್ಳು ಧೊಪ್ಪನೆ ಬಿತ್ತು, ಇಂಜಿನ್ನು ಹೇಸರಗತ್ತೆಯ ಹಾಗೆ ಕಾಲೂರಿ ನಿಂತಿತು.

ಡೆಸ್ಸಿ ಕೈತಪ್ಪಿದಳೆಂದು ಅವನಿಗೆ ಅಲ್ಲೇ ಖಾತ್ರಿಯಾಯಿತು. ಆದರೂ ಹಾಕುವುದಾದರೆ ಸರಿಯಾಗಿ ಹಾಕಬೇಕು ಎಂದುಕೊಂಡು, ಹಗ್ಗಕ್ಕೆ ಜೋತುಬಿದ್ದವನಂತೆ ಎಳೆದ. ಉದ್ದವಾಗಿ ಒಂದು. ಗಿಡ್ಡವಾಗಿ ಮೂರು. ಇಷ್ಟು ಸ್ಪಷ್ಟವಾದ ಮುರಿಯುವ ಕೂಗನ್ನು ಹಾರ್ಲೋ ಕೇಳಿರಲಿಲ್ಲ.

ಅರ್ಧ ರೈಲಿನೊಂದಿಗೆ ಸ್ಟೇಷನ್ ಸೇರುವಾಗ ಕಟ್ಟೆ ತುಂಬಿತ್ತು.

"ಬಂದ್ರಪ್ಪಾ ಕಂತಿನ ಸಾಹುಕಾರ್ರು!"

"ಹೆಸರು ಏನಿಡೋಣ? ಅರ್ಧಬಿನ್ ಅನ್ನೋಣ್ವಾ?"

"ಕ್ಲೆಲ್ ಆಗಿದ್ರೆ..." ಎಂದು ಒಬ್ಬ ಶುರು ಮಾಡಿದ.

"ಕ್ಲೆಲ್ ಆಗಿದ್ರೆ ಏನು?"

ಡೆಸ್ಸಿ. ಕೈಯೆಲ್ಲ ಹಿಟ್ಟು. ಜನ ದಾರಿ ಬಿಟ್ಟರು. ಅವಳು ಇಂಜಿನ್ನಿನ ಮೆಟ್ಟಿಲ ಕೆಳಗೆ ಬಂದು ನಿಂತಳು. ಆರ್ಬಿನ್ ಟೋಪಿ ತೆಗೆದ.

"ಡೆಸ್ಸಿ, ಒಂದೇ ಏಟಿಗೆ ತರಕ್ಕಾಗ್ಲಿಲ್ಲ."

"ಕೇಳಿಸ್ತು. ಒಂದೇ ಏಟಿಗೆ ತಾ ಅಂತ ನಾನು ಯಾವಾಗ ಅಂದೆ?" ಅವಳ ದನಿ ನಡುಗಿತು, ಆದರೆ ಗಟ್ಟಿಯಾಗಿತ್ತು. "ಕ್ಲೆಲ್ ಹತ್ತಿರ ದಿನಾ ಬೇಡ್ಕೋತಿದ್ದೆ, ಒಂದ್ ಸಲ ಆ ಕೂಗು ಹಾಕೋ ಮಾರಾಯ ಅಂತ. ದಿನಾ ಬಾಗಿಲಲ್ಲಿ ನಿಂತು ಅದು ಬರ್ಲಿ ಅಂತ ಕಿವಿಕೊಟ್ಟಿರ್ತಿದ್ದೆ. ಬರ್ಲೇ ಇಲ್ಲ. ಇವತ್ತು ಬಂತು." ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. "ಬಾಗಿಲಲ್ಲಿ ಕೂತು ಅತ್ತುಬಿಟ್ಟೆ ಕಣೋ. ಹೂಂ ಅಂತಿದ್ದೀನಿ, ಕೇಳಿಸ್ತಾ? ಹೋಗಿ ಇನ್ನರ್ಧ ತಗೊಂಡ್ ಬಾ. ಬೀನ್ಸು ಒಲೆ ಮೇಲಿರತ್ತೆ."

ಹಲ್ಲು ಕಿಸಿದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು.

ಬೋಗಿಗಳನ್ನು ಬಿಟ್ಟು ಬರಿ ಇಂಜಿನ್ನು ಏರಿನ ಕಡೆ ಹಿಂದಕ್ಕೆ ಹೊರಟಿತು. ನೀರಿನ ಗಾಜು ಅರ್ಧಕ್ಕಿಂತ ಮೇಲಿತ್ತು. ಆರ್ಬಿನ್ ಟೋಪಿ ಹಿಂದಕ್ಕೆ ತಳ್ಳಿದ, ಹಗ್ಗ ಹಿಡಿದ, ಯಾವ ಕಾರಣವೂ ಇಲ್ಲದೆ ಬೆಟ್ಟ ಬೆಚ್ಚುವಂತೆ ಕೂಗಿಸಿದ. ಇನ್ನೊಮ್ಮೆ ಕೂಗಿಸಿದ. ಹೋಬರ್ಟ್ ಸಲಿಕೆಗೆ ಕೈಹಾಕುತ್ತಾ ಗೊಣಗಿದ.

"ಸಾಕು ನಿಲ್ಸು ಅಳಿಯಾ, ನನ್ನ ಬೆನ್ನು ಬಿದ್ಹೋಯ್ತು."