ಜೋಡಿಗೈರು

ಆ ಸಲದ ಚುನಾವಣೆಯಲ್ಲಿ ಸ್ವೀಡನ್ನಿನ ಜನ ಒಳ್ಳೇ ತಮಾಷೆ ಮಾಡಿಬಿಟ್ಟರು. ಮುನ್ನೂರೈವತ್ತು ಕುರ್ಚಿಗಳನ್ನು ಎರಡು ಬಣಕ್ಕೂ ಸರಿಯಾಗಿ ಅರ್ಧರ್ಧ ಹಂಚಿ, ಇನ್ನು ನಿಮ್ಮ ಹಣೆಬರಹ ಅಂತ ಕೈತೊಳೆದುಕೊಂಡರು. ಮತ ಸಮವಾದಾಗಲೆಲ್ಲ ಸಭಾಧ್ಯಕ್ಷರ ಮುಂದೆ ಪೆಟ್ಟಿಗೆ ಇಟ್ಟು ಚೀಟಿ ಎತ್ತಬೇಕು, ಬಂದದ್ದೇ ಕಾನೂನು. ಐನೂರು ವರ್ಷ ರಾಜರ ಎದುರು ಸೆಟೆದು ನಿಂತ ಸಂಸತ್ತು ಕೊನೆಗೆ ಮಕ್ಕಳಾಟಕ್ಕೆ ಇಳಿದಿತ್ತು.

ಅಂಥ ಹೊತ್ತಿನಲ್ಲೇ ವಾಲ್‌ಫ್ರಿಡ್‌ನ ಮಸೂದೆ ಮತಕ್ಕೆ ಬಂತು. ಅವನು ಉತ್ತರದ ಗಣಿಯೂರಿನವನು, ಕಾರ್ಮಿಕರ ಪಕ್ಷದವನು. ಕಲ್ಲುಧೂಳು ಕುಡಿದು ಸತ್ತ ಗಣಿಯಾಳುಗಳ ಹೆಂಡಿರಿಗೆ ಪಿಂಚಣಿ ಕೊಡಿ, ಅಷ್ಟೇ ಆ ಮಸೂದೆ. ಅವನ ತಮ್ಮ ಆಲ್ಗೊಟ್ ಕೂಡ ಹಾಗೇ ಹೋದ, ಕೊನೆಗೆ ಒಂದು ಲೋಟ ನೀರು ಕುಡಿಯಲೂ ಉಸಿರು ಸಾಲದೆ. ಶವಪೆಟ್ಟಿಗೆಯ ಪಕ್ಕ ನಿಂತು ವಾಲ್‌ಫ್ರಿಡ್ ತಮ್ಮನ ಹೆಂಡತಿ ಎಲ್ವೀರಾಳ ಕೈ ಹಿಡಿದು, "ಇದನ್ನ ಮಾಡಿಸಿಯೇ ತೀರ್ತೀನಿ" ಅಂದಿದ್ದ.

ಈಗ ಎದುರು ಬಣದ ಸಿಕ್ಸ್‌ಟನ್ ಆಸ್ಪತ್ರೆ ಸೇರಿದ್ದ, ಹೊಟ್ಟೆಯಲ್ಲಿ ಗಡ್ಡೆ. ಅವರ ಕಡೆ ಒಂದು ಮತ ಕಡಿಮೆ. ವಾಲ್‌ಫ್ರಿಡ್ ಒಳಗೆ ಹೋಗಿ ಗುಂಡಿ ಒತ್ತಿದರೆ ಗೆಲುವು ಖಂಡಿತ. ಆದರೆ ಅವನು ಸಿಕ್ಸ್‌ಟನ್‌ಗೆ ಜೋಡಿ. ಆ ಸಭೆಯ ಹಳೇ ಪದ್ಧತಿ ಅದು: ಒಬ್ಬ ಕಾಯಿಲೆ ಬಿದ್ದರೆ ಎದುರು ಬಣದ ಅವನ ಜೋಡಿಯೂ ಮತ ಹಾಕದೆ ಹೊರಗೇ ಉಳಿಯಬೇಕು. ಕಾನೂನಲ್ಲ, ಬರೀ ಕೈಕುಲುಕಿದ ಮಾತು. ಸಿಕ್ಸ್‌ಟನ್ ಅಂದರೆ ಸಾಮಾನ್ಯದವನಲ್ಲ. ಕುಲೀನರು, ಪಾದ್ರಿಗಳು, ವರ್ತಕರು, ರೈತರು ಸಂಸತ್ತಿನಲ್ಲಿ ಬೇರೆ ಬೇರೆ ಸಭೆಗಳಾಗಿ ಕೂರುತ್ತಿದ್ದ ಕಾಲದಲ್ಲೇ ಅವನ ಅಜ್ಜನ ಅಜ್ಜ ರೈತರ ಪರವಾಗಿ ಕೂತವನು. ವಾಲ್‌ಫ್ರಿಡ್‌ನ ಹೆಂಡತಿ ತೀರಿಕೊಂಡಾಗ ಸಿಕ್ಸ್‌ಟನ್ ತನ್ನ ರೈತರ ಮಸೂದೆ ಬಿದ್ದುಹೋದರೂ ತುಟಿಪಿಟಿಕ್ಕೆನ್ನದೆ ಹೊರಗೆ ಉಳಿದಿದ್ದ. ಆ ಋಣ ಎಲ್ಲಿಗೆ ಹೋಗಬೇಕು?

ಪಕ್ಷದ ಸಚೇತಕಿ ಮ್ಯಾರ್ಟಾ ಬೆಳಗಿನ ಕಾಫಿಯ ಜೊತೆಗೇ ಕುಟುಕಿದಳು.

"ಸಾಯೋನ ಮುಲಾಜಿಗೆ ಬದುಕಿರೋರ ಬಾಯಿಗೆ ಮಣ್ಣು ಹಾಕ್ತೀಯೇನಯ್ಯ?"

"ಮಾತು ಕೊಟ್ಟಿದ್ದೀನಿ ಕಣೇ."

"ಹಂಗಾದ್ರೆ ಮತದ ಗಂಟೆ ಹೊಡೆದಾಗ ಕಿವಿಗೆ ಹತ್ತಿ ಇಟ್ಕೋ."

ಮಾತು ನಾಟಿತು. ಗಂಟೆ ಕೇಳಿದರೆ ಕಾಲು ನಿಲ್ಲುವುದಿಲ್ಲ ಅಂತ ಅವನಿಗೇ ಅನುಮಾನ. ತನ್ನನ್ನು ತಾನೇ ನಂಬದೆ, ಯಾರಿಗೂ ಹೇಳದೆ, ಕೋಟು ಹಾಕಿಕೊಂಡು ಹಿಂಬಾಗಿಲಿನಿಂದ ಹೊರಬಿದ್ದ. ಹಿಮ ಕೆಸರಾಗಿದ್ದ ಬೀದಿಗಳನ್ನು ಸುಮ್ಮನೆ ಸುತ್ತಿ, ಹೊರಗೆ ಉಳಿಯುವುದೇ ಆದರೆ ಸಿಕ್ಸ್‌ಟನ್‌ನ ಪಕ್ಕದಲ್ಲೇ ಉಳಿಯೋಣ ಅಂತ ಆಸ್ಪತ್ರೆಗೆ ಹೋದ. ಪುಣ್ಯಾತ್ಮ, ಎಲ್ಲಿಗೆ ಹೋಗುತ್ತೇನೆ ಅಂತ ಒಬ್ಬರಿಗಾದರೂ ಹೇಳಬಾರದಿತ್ತೆ.

ಸಿಕ್ಸ್‌ಟನ್‌ಗೆ ನೋವಿನ ಮದ್ದಿನ ಮಂಪರು. ವಾಲ್‌ಫ್ರಿಡ್ ಕುರ್ಚಿ ಎಳೆದುಕೊಂಡು ಕೂತ. ಕಿಟಕಿಯಾಚೆ ಕತ್ತಲಾಗುತ್ತಾ ಬಂದಾಗ ರೋಗಿ ಕಣ್ಣು ಬಿಟ್ಟ.

"ನೀನಿಲ್ಲಿ ಏನ್ ಮಾಡ್ತಿದ್ದೀಯೋ?"

"ಜೋಡಿ ಅಲ್ವೇನೋ. ನೀನೆಲ್ಲೋ ನಾನೂ ಅಲ್ಲೇ."

ಸಿಕ್ಸ್‌ಟನ್‌ನ ಮುಖ ಬಿಳಚಿಕೊಂಡಿತು. "ಊಟಕ್ಕೆ ಮುಂಚೆನೇ ನಮ್ಮೋರಿಗೆ ಫೋನ್ ಮಾಡಿಸಿದ್ನಲ್ಲೋ ಮಾರಾಯ. ನನ್ನ ಜೋಡೀನ ಮಾತಿಂದ ಬಿಟ್ಟಿದ್ದೀನಿ, ಅವನು ಮತ ಹಾಕ್ಲಿ ಅಂದೆ. ಬೈದ್ರು. ಅವನು ಮಾತು ಕೊಟ್ಟಿದ್ದು ನಂಗೆ, ಬಿಡೋನೂ ನಾನೇ ಅಂದೆ. ಮ್ಯಾರ್ಟಾಗೂ ತಿಳಿಸಿದ್ರಂತೆ. ನಿಂಗೆ ಯಾರೂ ಹೇಳ್ಲಿಲ್ವಾ?"

ವಾಲ್‌ಫ್ರಿಡ್ ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಕಾರಿಡಾರಿನ ತುದಿಯಲ್ಲಿದ್ದ ಫೋನಿಗೆ ಓಡಿದ.

"ಎಲ್ಲಿ ಹಾಳಾಗಿ ಹೋಗಿದ್ದೆ?" ಮ್ಯಾರ್ಟಾಳ ದನಿ ಬಿದ್ದುಹೋಗಿತ್ತು. "ಊಟದ ಮನೆ, ಕಕ್ಕಸು, ಕ್ಷೌರದಂಗಡಿ, ಎಲ್ಲಾ ಕಡೆ ಹುಡುಕಿಸಿದೆ."

"ಏನಾಯ್ತು, ಅದನ್ನ ಹೇಳು."

"ಸಮ ಬಂತು. ಚೀಟಿ ಎತ್ತಿದ್ರು. ಬೇಡ ಅಂತ ಬಂತು ಕಣಯ್ಯ."

ವಾಪಸ್ ಬಂದವನ ಮುಖ ನೋಡಿದ್ದೇ ಸಿಕ್ಸ್‌ಟನ್ ಗೋಡೆಯ ಕಡೆ ಹೊರಳಿದ. ಅವನ ಭುಜ ಅಲುಗುತ್ತಿತ್ತು. ವಾಲ್‌ಫ್ರಿಡ್‌ಗೆ ಅವನ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ, ಇದ್ದದ್ದೆಲ್ಲ ತನ್ನ ಮೇಲೆ. ಹೊದಿಕೆ ಸರಿಮಾಡಿ ಹೊರಟ.

ರಾತ್ರಿ ಊರಿಗೆ ಫೋನ್ ಹಚ್ಚಿದ.

"ರೇಡಿಯೋದಲ್ಲಿ ಕೇಳಿದೆ ಭಾವ," ಅಂದಳು ಎಲ್ವೀರಾ. "ಚೀಟಿ ಅಂದ್ಮೇಲೆ ನೀವಾದ್ರೂ ಏನ್ ಮಾಡಕ್ಕಾಗುತ್ತೆ. ಬಿಡಿ."

ಅಲ್ಲಿಗೆ ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ಸಮಾಧಾನ ಅವನಿಗೆ ತಡೆಯಲಾಗಲಿಲ್ಲ. ಜೋಡಿಯ ವಿಷಯ, ಆಸ್ಪತ್ರೆಯ ವಿಷಯ, ಎಲ್ಲವನ್ನೂ ಹೇಳಿಬಿಟ್ಟ. ಆ ಕಡೆ ಒಲೆಯ ಮೇಲೆ ಏನೋ ಕುದಿಯುವುದು ಕೇಳುತ್ತಿತ್ತು.

"ಅಂದ್ರೆ ನೀವು ಒಳಗೆ ಇರ್ಲೇ ಇಲ್ವಾ?"

"ಇರ್ಲಿಲ್ಲ. ಅವನಿಗೆ ಮಾತು ಕೊಟ್ಟಿದ್ದೆ, ಎಲ್ವೀರಾ."

"ನಂಗೂ ಕೊಟ್ಟಿದ್ರಿ, ನಿಮ್ಮ ತಮ್ಮನ ಹೆಣದ ಮುಂದೆ." ಅವಳ ದನಿ ಏರಲಿಲ್ಲ. "ಅವರು ನಿಮ್ಮನ್ನ ಮಾತಿಂದ ಬಿಟ್ರು. ನಾನು ಬಿಟ್ಟಿರ್ಲಿಲ್ಲ ಭಾವ."

ಫೋನ್ ಇಟ್ಟ ಸದ್ದು ಕೇಳಿಸಿತು.