ನಾಟ್ ಬ್ಯಾಡ್ ಎಂದರೆ

ಎರಡು ವರ್ಷ ಒಬ್ಬ ಡಾಕ್ಟರಿಂದ ಇನ್ನೊಬ್ಬರ ಹತ್ತಿರ ಅಲೆದ ಮೇಲೆ, ತೊಂಬತ್ತಮೂರನೇ ಇಸವಿಯಲ್ಲಿ, ಆಸ್ಟ್ರೇಲಿಯಾದ ಡ್ಯಾಂಡಿನಾಂಗಿನಲ್ಲಿ ನನ್ನ ಮೈನೋವಿಗೆ ಫೈಬ್ರೊಮಯಾಲ್ಜಿಯಾ ಎಂಬ ಹೆಸರು ಸಿಕ್ಕಿತು. ನನ್ನ ಯಜಮಾನರು ಚಕ್ರಪಾಣಿ ಇಂಜಿನಿಯರು. ಎಕ್ಸ್‌ರೇಯಲ್ಲಿ ಕಾಣದ್ದನ್ನು ನಂಬುವವರಲ್ಲ. "ಎಲ್ಲಾ ನಾರ್ಮಲ್ ಇದೆ ಅನಸೂಯಾ, ಸುಮ್ನೆ ಮನಸ್ಸಿಗೆ ಹಚ್ಕೊಂಡಿದೀಯ" ಎನ್ನುತ್ತಿದ್ದರು. ನೋವಿಗಿಂತ ಆ ಮಾತೇ ನನ್ನನ್ನು ಹೆಚ್ಚು ದಣಿಸುತ್ತಿತ್ತು. ಇವರೊಬ್ಬರು ನಂಬಿದರೆ ಸಾಕು ಎನಿಸಿಬಿಟ್ಟಿತ್ತು.

ಡಾಕ್ಟರು ಮಾತ್ರೆಯ ಬದಲು ವ್ಯಾಯಾಮ ಬರೆದುಕೊಟ್ಟರು. ಫಿಸಿಯೋ ಜೋನ್ ಎಂಬಾಕೆ ದಿನಕ್ಕೆ ಆರು ನಿಮಿಷದ ನಡಿಗೆಯಿಂದ ಶುರುಮಾಡಿದಳು. ಹಾಯಾಗಿದ್ದರೆ ಮಾತ್ರ ಮುಂದಿನ ವಾರ ಎರಡು ನಿಮಿಷ ಹೆಚ್ಚು. ಪ್ರತಿ ಮಂಗಳವಾರ ಹೇಗಿದ್ದೀರಿ ಎಂದು ಕೇಳುವಳು. ಮೈಸೂರಿನಲ್ಲಿ ಬೆಳೆದವಳು ನಾನು. ಪ್ರಾಣ ಹೋಗುತ್ತಿದ್ದರೂ ಪರವಾಗಿಲ್ಲ ಎಂದೇ ಹೇಳಿ ಅಭ್ಯಾಸ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ "ನಾಟ್ ಬ್ಯಾಡ್" ಎನ್ನುತ್ತಿದ್ದೆ. ಈ ದೇಶದಲ್ಲಿ ನಾಟ್ ಬ್ಯಾಡ್ ಎಂದರೆ ಬಲು ಚೆನ್ನಾಗಿದೆ ಎಂದರ್ಥವಂತೆ, ನನಗೇನು ಗೊತ್ತು! ಆ ಪುಣ್ಯಾತ್ಗಿತ್ತಿ ಖುಷಿಯಿಂದ ಎರಡೆರಡು ನಿಮಿಷ ಏರಿಸುತ್ತಲೇ ಹೋದಳು.

ಹದಿನೆಂಟಕ್ಕೆ ಬಂದ ವಾರ, ಸ್ಟೇಷನ್ ಪಕ್ಕದ ಬೆಂಚಿನ ಮೇಲೆ ಕುಳಿತವಳಿಗೆ ಏಳಲಾಗಲಿಲ್ಲ. ಬಸ್ಸುಗಳು ಬಂದವು, ಹೋದವು. ಕೊನೆಗೆ ಯಾರೋ ವಿಯೆಟ್ನಾಮಿನ ಹೆಂಗಸು ನನ್ನಿಂದ ನಂಬರು ಕೇಳಿಕೊಂಡು ಇವರ ಆಫೀಸಿಗೆ ಫೋನ್ ಮಾಡಿದಳು. ಮೂರು ದಿನ ಹಾಸಿಗೆ ಹಿಡಿದೆ. ತಲೆ ಬಾಚಿಕೊಳ್ಳಲೂ ಕೈ ಏಳದು. "ಒಂದೂವರೆ ತಿಂಗಳಿಂದ ಚೆನ್ನಾಗಿದೀನಿ ಅಂತ ನೀನೇ ಹೇಳಿದೀಯಲ್ಲ, ಈಗೇನಾಯ್ತು?" ಎಂದು ಇವರು ಗದರಿದರು.

ಮುಂದಿನ ಮಂಗಳವಾರ ಇವರೂ ಜೊತೆಗೆ ಬಂದರು. ಜೋನ್ ಎಂದಿನಂತೆ ಕೇಳಿದಳು. ನನ್ನ ಹಾಳು ಬಾಯಿಂದ ಮತ್ತೆ ಅದೇ "ನಾಟ್ ಬ್ಯಾಡ್"! ಹಾಸಿಗೆ ಹಿಡಿದದ್ದನ್ನು ನಾವು ಹೇಳುವ ಮೊದಲೇ ಅವಳು ಚೀಟಿಯ ಮೇಲೆ ಇಪ್ಪತ್ತು ಎಂದು ಬರೆದಳು. ಆ ಅಂಕಿ ಕಂಡದ್ದೇ ನನಗೆ ತಡೆಯಲಾಗಲಿಲ್ಲ.

"ರೀ, ಹೇಳ್ರೀ ಅವಳಿಗೆ" ಎಂದೆ. "ನಾನು ಹೇಳ್ತಿರೋದು ಪರವಾಗಿಲ್ಲ ಅಂತ. ನೋಯ್ತಿದೆ, ತಡ್ಕೊಂಡಿದೀನಿ ಅಂತ. ನಿಮಗೂ ಅಷ್ಟೇ, ಇಷ್ಟು ವರ್ಷ ಪರವಾಗಿಲ್ಲ ಅಂದಿದ್ದೆಲ್ಲಾ ಅದೇ ಅರ್ಥದಲ್ಲಿ."

ಇವರು ನನ್ನ ಮುಖವನ್ನೇ ನೋಡಿದರು. ದಿನವಿಡೀ ಇಂಗ್ಲಿಷಿನಲ್ಲೇ ಮೀಟಿಂಗ್ ಮಾಡುವ ಮನುಷ್ಯ ಜೋನ್ ಕಡೆಗೆ ತಿರುಗಿ ಮೆಲ್ಲಗೆ, "ಷಿ ಈಸ್ ಇನ್ ಪೇನ್. ಆಲ್ ದ ಟೈಮ್" ಎಂದರು. ಇವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಜೋನ್ ಇಪ್ಪತ್ತನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದಳು. ನೋವು ಏರುವ ಮೊದಲೇ ನಿಲ್ಲಿಸಬೇಕು ಎಂದಳು. ನಿಲ್ಲಿಸು ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಕುಳಿತಲ್ಲೇ ಅತ್ತುಬಿಟ್ಟೆ.

ಕಾರಿನಲ್ಲಿ ಕೂತ ಮೇಲೂ ಇವರು ಎಂಜಿನ್ ಶುರುಮಾಡಲಿಲ್ಲ. "ಎಲ್ಲೆಲ್ಲಿ ನೋಯುತ್ತೆ, ಹೇಳು" ಎಂದರು. ಎಲ್ಲಿಂದ ಹೇಳಬೇಕೋ ತಿಳಿಯದೆ, ಕತ್ತಿನಿಂದ ಶುರುಮಾಡಿದೆ.